ಗೂಡಿನ ತೂಕದ ಗ್ರಂಥಿ: ಬಸುರಿಯ ಅಡ್ರಿನಲ್ ಒಳಗೆ ಏನಾಗುತ್ತದೆ

(ಶಿಡ್ಲಘಟ್ಟದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿನಿಯರು, ಬಸುರಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈಗ ಮನೆಯಲ್ಲಿ ರೇಷ್ಮೆ ಹುಳ ಇರುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಕೈ ಮೇಲಿದೆ. ಹಾಗಾದರೆ ಇವತ್ತಿನ ವಿಷಯದ ಅರ್ಧ ನಿಮಗೆ ಆಗಲೇ ಗೊತ್ತಿದೆ.

ಹುಳ ಪೊರೆ ಬಿಡುವ ಮುಂಚೆ ಜ್ವರಕ್ಕೆ ಹೋಗುತ್ತದೆ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ಹೊಸಬರು ನೋಡಿದರೆ ಸತ್ತೇ ಹೋಗಿದೆ ಅಂದುಕೊಳ್ಳಬೇಕು. ನಮ್ಮಮ್ಮ ಆಗ ಹಾಸಿಗೆ ಮೇಲೆ ಸುಣ್ಣ ಉದುರಿಸಿ, 'ಶ್, ಗಲಾಟೆ ಮಾಡಬೇಡ, ಜ್ವರದಲ್ಲಿವೆ' ಅನ್ನುತ್ತಿದ್ದಳು. ಹೊರಗಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ಮಾತ್ರ ಹಳೆ ಚರ್ಮದ ಕೆಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ. ನಾಲ್ಕು ಜ್ವರ ದಾಟಿ ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹೋಗುವವರೆಗೂ ಈ ಕೆಲಸ ನಡೆಸುವುದು ಹುಳದ ಎದೆಭಾಗದಲ್ಲಿರುವ ಒಂದು ಜೋಡಿ ಸಣ್ಣ ಗ್ರಂಥಿ. ಅದರಿಂದ ಹೊರಡುವ ರಸದ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು ಇದನ್ನು ಮೊದಲ ಬಾರಿ ಶುದ್ಧವಾಗಿ ಬೇರ್ಪಡಿಸಿದರು. 500 ಕಿಲೋ ರೇಷ್ಮೆ ಪ್ಯೂಪಾ ಅರೆದಿದ್ದಕ್ಕೆ ಸಿಕ್ಕಿದ್ದು 25 ಮಿಲಿಗ್ರಾಂ. ಒಂದು ಚಿಟಿಕೆಯೂ ಅಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಎಕ್ಡೈಸೋನ್ ಒಂದು ಸ್ಟೀರಾಯ್ಡ್, ಅಂದರೆ ಕೊಲೆಸ್ಟ್ರಾಲಿನಿಂದ ತಯಾರಾಗುವ ಹಾರ್ಮೋನು. ನಮ್ಮ ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಮಾಡುವ ಕಾರ್ಟಿಸಾಲ್ ಕೂಡ ಸ್ಟೀರಾಯ್ಡೇ. ಎರಡೂ ಒಂದೇ ಮನೆತನದವು, ಎರಡರ ಅಚ್ಚೂ ಒಂದೇ ಜಾತಿಯದು. ಹುಳದಲ್ಲಿ ಮಿದುಳು ಹೇಳಿದಾಗ ಗ್ರಂಥಿ ಕೆಲಸ ಮಾಡುತ್ತದೆ. ನಮ್ಮಲ್ಲೂ ಮಿದುಳು ತನ್ನ ಕೆಳಗಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ. 'ಸ್ಟೀರಾಯ್ಡ್' ಅಂದ ಕೂಡಲೇ ಹೆದರುವವರು ತುಂಬಾ ಜನ. ಅದು ನಮ್ಮೊಳಗೇ ದಿನಾ ತಯಾರಾಗುತ್ತದೆ, ಅದಿಲ್ಲದೆ ಬದುಕು ನಡೆಯುವುದಿಲ್ಲ. ಇದನ್ನು ಇವತ್ತು ಮನಸ್ಸಲ್ಲಿ ಇಟ್ಟುಕೊಳ್ಳಿ.

ಈಗ ಗ್ರಂಥಿಯನ್ನು ನೋಡೋಣ. ನಾನು ಅಂಗರಚನೆ ಪಾಠ ಮಾಡುವವಳು. ಪ್ರತಿ ವರ್ಷ ಹೊಸ ಮಕ್ಕಳ ಕೈಗೆ ಅಡ್ರಿನಲ್ ಕೊಟ್ಟಾಗ ಅವರ ಮುಖ ನೋಡುತ್ತೇನೆ. 'ಇಷ್ಟೇನಾ ಮೇಡಂ?' ಅನ್ನುತ್ತಾರೆ. ಹೌದು, ಇಷ್ಟೇ. ಒಂದೊಂದು ಕಿಡ್ನಿಯ ತಲೆ ಮೇಲೆ ಒಂದೊಂದು. ಬಲಗಡೆಯದು ಮುಕ್ಕೋನದ ಟೋಪಿ ಹಾಗಿರುತ್ತದೆ, ಎಡಗಡೆಯದು ಅರ್ಧಚಂದ್ರದ ಹಾಗೆ. ಒಂದರ ತೂಕ 4ರಿಂದ 5 ಗ್ರಾಂ. ನಿಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ ಎರಡು-ಮೂರು ಗೂಡಿನ ತೂಕ. ಗೂಡು ಮಾರ್ಕೆಟ್ಟಿನ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ.

ಅಡ್ಡ ಕೊಯ್ದರೆ ಹೊರಗಿನ ಭಾಗ ಹಳದಿ, ನಮ್ಮ ಮಿಶ್ರತಳಿ ಗೂಡಿನ ಹಳದಿ ನೆನಪಾಗುವ ಹಾಗೆ. ಕೊಲೆಸ್ಟ್ರಾಲ್ ಕೊಬ್ಬು ಅಲ್ಲಿ ಸಣ್ಣ ಸಣ್ಣ ಹನಿಯಾಗಿ ತುಂಬಿರುವುದಕ್ಕೆ ಆ ಬಣ್ಣ. ಸ್ಟೀರಾಯ್ಡ್ ಮಾಡುವುದಕ್ಕೆ ಅದೇ ಕಚ್ಚಾ ಮಾಲು. ನಡುವಿನ ತಿರುಳು ಕಂದು ಕೆಂಪು. ಅಡ್ರಿನಲಿನ್ ಹುಟ್ಟುವುದು ಅಲ್ಲಿ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನುತ್ತಲ್ಲ, ಅದು ಈ ತಿರುಳಿನ ಕೆಲಸ.

ಹಳದಿ ಭಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮೂರು ಪದರ ಕಾಣುತ್ತವೆ. ಪುಸ್ತಕದಲ್ಲಿ ಅವುಗಳ ಹೆಸರು ಗ್ಲೊಮೆರುಲೋಸಾ, ಫ್ಯಾಸಿಕ್ಯುಲೇಟಾ, ರೆಟಿಕ್ಯುಲಾರಿಸ್. ಆ ಲ್ಯಾಟಿನ್ ಪದಗಳ ಅರ್ಥ ನೋಡಿದರೆ ಉಂಡೆ, ಕಂತೆ, ಬಲೆ. ನಾವು ಹಾಗೇ ಕರೆಯೋಣ. ಮೇಲಿನದು ಉಂಡೆ ಪದರ, ಕೋಶಗಳು ಸಣ್ಣ ಸಣ್ಣ ಗುಂಪಾಗಿ ಕೂತಿರುತ್ತವೆ. ಅಲ್ಡೊಸ್ಟಿರೋನ್ ಮಾಡಿ ಉಪ್ಪು ನೀರಿನ ಲೆಕ್ಕ ನೋಡುತ್ತದೆ. ನಡುವಿನದು ಕಂತೆ ಪದರ, ಮೂರರಲ್ಲಿ ಎಲ್ಲಕ್ಕಿಂತ ದಪ್ಪ. ಹಿಪ್ಪುನೇರಳೆ ಕಡ್ಡಿಗಳನ್ನು ಕಂತೆ ಕಟ್ಟಿ ನಿಲ್ಲಿಸಿದ ಹಾಗೆ ಕೋಶಗಳು ಉದ್ದುದ್ದ ಸಾಲಾಗಿ ನಿಂತಿರುತ್ತವೆ. ಕಾರ್ಟಿಸಾಲ್ ಬರುವುದು ಮುಖ್ಯವಾಗಿ ಇಲ್ಲಿಂದ. ಒಳಗಿನದು ಬಲೆ ಪದರ. ಡಿಎಚ್‌ಇಎ ಎಂಬ ದುರ್ಬಲ ಗಂಡು ಹಾರ್ಮೋನು ಅಲ್ಲಿ ತಯಾರಾಗುತ್ತದೆ. ಹೆಂಗಸರಿಗೆ ಕಂಕುಳಲ್ಲಿ ಕೂದಲು ಬರುವುದರಲ್ಲಿ ಅದರ ಪಾಲು ದೊಡ್ಡದು. ಈ ಕೂದಲಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಟಲಿಯ ಯುಸ್ಟಾಕಿ 16ನೇ ಶತಮಾನದಲ್ಲೇ ಈ ಗ್ರಂಥಿಯನ್ನು ಗುರುತಿಸಿದ್ದರು. ಆದರೆ ಇದು ಯಾತಕ್ಕೆ ಇದೆ ಅಂತ ಗೊತ್ತಾಗಲು ಮುನ್ನೂರು ವರ್ಷ ಹಿಡಿಯಿತು. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್, ಈ ಗ್ರಂಥಿ ಹಾಳಾದವರು ಬರಬರುತ್ತಾ ನಿತ್ರಾಣರಾಗಿ, ಮೈ ಕಪ್ಪಾಗಿ ಸಾಯುತ್ತಾರೆ ಅಂತ ಬರೆದರು. ಅವರು ನೋಡಿದ ಹಲವರಲ್ಲಿ ಗ್ರಂಥಿಯನ್ನು ತಿಂದಿದ್ದು ಕ್ಷಯ. ಮರುವರ್ಷ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ, ಎರಡೂ ಗ್ರಂಥಿ ತೆಗೆದರೆ ಪ್ರಾಣಿ ಬದುಕುವುದಿಲ್ಲ ಎಂದು ತೋರಿಸಿದರು.

ಸರಿ, ಈಗ ಬಸುರಿಯ ವಿಷಯಕ್ಕೆ ಬರೋಣ.

ಬಸುರಾದಾಗ ಮೈಯಲ್ಲಿ ಎಲ್ಲವೂ ಬೆಳೆಯುತ್ತದೆ ಅಂತ ನಮ್ಮ ಅಂದಾಜು. ಗರ್ಭಕೋಶ ಬೆಳೆಯುತ್ತದೆ, ಎದೆ ಬೆಳೆಯುತ್ತದೆ, ತಲೆಯೊಳಗಿನ ಪಿಟ್ಯುಟರಿ ಕೂಡ ದೊಡ್ಡದಾಗುತ್ತದೆ. ಹಾಗಾದರೆ ಅಡ್ರಿನಲ್? ರಕ್ತದಲ್ಲಿ ಕಾರ್ಟಿಸಾಲ್ ಎರಡು-ಮೂರು ಪಟ್ಟು ಏರುತ್ತದಲ್ಲ, ಗ್ರಂಥಿಯೂ ಊದಿಕೊಂಡಿರಬೇಕು ಅನ್ನಿಸುತ್ತೆ, ಅಲ್ವಾ? ಇಲ್ಲ. ತಾಯಿಯ ಅಡ್ರಿನಲ್ ತೂಕದಲ್ಲಿ ಹೇಳಿಕೊಳ್ಳುವಷ್ಟು ಬದಲಾವಣೆ ಇಲ್ಲ. ಹೊರಗಿಂದ ನೋಡಿದರೆ ಇದು ಬಸುರಿಯದು, ಇದು ಬಸುರಿಯಲ್ಲದವಳದು ಎಂದು ನಾನು ಹೇಳಲಾರೆ. ಹೆರಿಗೆಯ ದೊಡ್ಡ ಪಠ್ಯಪುಸ್ತಕಗಳಲ್ಲೇ ತಾಯಿಯ ಅಡ್ರಿನಲ್ ಆಕಾರದಲ್ಲಿ ಬದಲಾಗುವುದು ಅಷ್ಟಕ್ಕಷ್ಟೇ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ನನಗೆ ಆ ಒಂದು ಸಾಲು ಸಾಲದು ಅನ್ನಿಸುತ್ತದೆ. ಯಾಕೆಂದರೆ ಒಳಗೆ ಕೊಯ್ದು ಪದರ ಅಳೆದು ನೋಡಿದವರಿಗೆ ಬೇರೆ ಕಥೆ ಕಂಡಿತು. ಬಸುರಿನಲ್ಲಿ ಅಥವಾ ಹೆರಿಗೆಯಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ಗ್ರಂಥಿಗಳನ್ನು ಶವಪರೀಕ್ಷೆಯಲ್ಲಿ ತೆಗೆದು, ತೆಳ್ಳಗೆ ಸೀಳಿ, 1950ರ ದಶಕದಲ್ಲಿ ಪರೀಕ್ಷೆ ಮಾಡಿದರು. ಕಂತೆ ಪದರ ಅಗಲವಾಗಿತ್ತು. ಅದರ ಕೋಶಗಳಲ್ಲಿ ಜಾಸ್ತಿ ದುಡಿದ ಗುರುತು ಇತ್ತು. ಒಟ್ಟು ಗ್ರಂಥಿ ಅಷ್ಟೇ, ಒಳಗೆ ಕಾರ್ಟಿಸಾಲ್ ಮಾಡುವ ಜಾಗ ದೊಡ್ಡದು. ಅದೇ ಮನೆ, ಒಳಗಿನ ಗೋಡೆ ಸರಿಸಿ ಹುಳದ ಕೋಣೆ ದೊಡ್ಡದು ಮಾಡಿಕೊಂಡ ಹಾಗೆ. ನಮ್ಮ ಕಡೆ ಹುಳ ಜೋರಾಗಿ ತಿನ್ನುವ ಐದನೇ ಹಂತದಲ್ಲಿ ಮನೆಮಂದಿ ಪಡಸಾಲೆಗೆ ಬಂದು ಮಲಗುವುದಿಲ್ವಾ, ಹಾಗೆ. ಈ ತಿಳಿವಳಿಕೆ ನಮಗೆ ಸಿಕ್ಕಿದ್ದು ಮನೆಗೆ ವಾಪಸ್ ಹೋಗದ ಹೆಣ್ಣುಮಕ್ಕಳಿಂದ. ಸ್ಲೈಡ್ ತೋರಿಸುವಾಗ ಇದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಯಾರು ಈ ಕೆಲಸ ಮಾಡಿಸುತ್ತಾರೆ? ಮಾಸು. ನಾವು ಕಸ ಅನ್ನುತ್ತೇವಲ್ಲ, ಅದೇ. ಹೆಸರು ಕಸ, ಆದರೆ ಅದರಷ್ಟು ಜಾಣ ಅಂಗ ಇನ್ನೊಂದಿಲ್ಲ. ಸಾಮಾನ್ಯವಾಗಿ ಮಿದುಳಿನಿಂದ ಸಿಆರ್‌ಎಚ್ ಎಂಬ ಹಾರ್ಮೋನು ಬಂದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಎಸಿಟಿಎಚ್ ಕಳಿಸುತ್ತದೆ, ಕಂತೆ ಪದರ ಕಾರ್ಟಿಸಾಲ್ ಮಾಡುತ್ತದೆ. ಕಾರ್ಟಿಸಾಲ್ ಸಾಕಷ್ಟಾದರೆ ಮಿದುಳು ಸಿಆರ್‌ಎಚ್ ಕಡಿಮೆ ಮಾಡುತ್ತದೆ. ತೊಟ್ಟಿ ತುಂಬಿದರೆ ಮೋಟರ್ ತಾನೇ ನಿಂತ ಹಾಗೆ. ಮಾಸು ಕೂಡ ಇದೇ ಸಿಆರ್‌ಎಚ್ ಮಾಡುತ್ತದೆ, ಬಸುರಿನ ಕೊನೆ ಕೊನೆಗೆ ತುಂಬಾ ಜಾಸ್ತಿ ಮಾಡುತ್ತದೆ. ಅದರ ಮೋಟರ್ ಮಾತ್ರ ತಲೆಕೆಳಗು. ಕಾರ್ಟಿಸಾಲ್ ಏರಿದಷ್ಟೂ ಮಾಸಿನ ಸಿಆರ್‌ಎಚ್ ಇನ್ನೂ ಏರುತ್ತದೆ.

ಇನ್ನೊಂದು ಕಡೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಏರಿರುವುದರಿಂದ ಲಿವರ್, ಕಾರ್ಟಿಸಾಲನ್ನು ಹೊತ್ತು ತಿರುಗುವ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕಾಣುವ ಏರಿಕೆಯ ಒಂದು ಭಾಗ ಬರೀ ಗಾಡಿ ಹತ್ತಿ ಕೂತ ಕಾರ್ಟಿಸಾಲ್, ಕೆಲಸಕ್ಕೆ ಇಳಿದದ್ದಲ್ಲ. ಆದರೆ ಕೆಲಸಕ್ಕೆ ಇಳಿಯುವ ಬಿಡಿ ಕಾರ್ಟಿಸಾಲ್ ಕೂಡ ನಿಜವಾಗಿಯೂ ಏರುತ್ತದೆ, ಮೂತ್ರದಲ್ಲಿ ಅಳೆದರೆ ಗೊತ್ತಾಗುತ್ತದೆ. ಇಷ್ಟಾದರೂ ಬೆಳಿಗ್ಗೆ ಜಾಸ್ತಿ, ರಾತ್ರಿ ಕಡಿಮೆ ಎಂಬ ದಿನದ ತಾಳ ತಪ್ಪುವುದಿಲ್ಲ. ಅದು ನನಗೆ ಈಗಲೂ ಬೆರಗು.

ನರ್ಸಿಂಗ್ ಓದುವವರು ಒಂದು ಗುರುತು ಹಾಕಿಕೊಳ್ಳಿ. ಬಸುರಿಯ ಕಾರ್ಟಿಸಾಲ್ ರಿಪೋರ್ಟನ್ನು ಬೇರೆಯವರ ಅಳತೆಗೋಲಿನಲ್ಲಿ ನೋಡಬಾರದು. 'ನಾರ್ಮಲ್' ಅಂತ ಬಂದದ್ದು ಅವಳ ಪಾಲಿಗೆ ತೀರಾ ಕಡಿಮೆ ಇರಬಹುದು.

ಈ ಕಾರ್ಟಿಸಾಲ್ ಏನು ಮಾಡುತ್ತದೆ? ಮಗುವಿಗೆ ಬೇಕಾದ ಸಕ್ಕರೆ ರಕ್ತದಲ್ಲಿ ಇರುವ ಹಾಗೆ ನೋಡಿಕೊಳ್ಳುತ್ತದೆ. ಮಾಸಿನ ಬೇರೆ ಹಾರ್ಮೋನುಗಳ ಜೊತೆ ಸೇರಿ ಇನ್ಸುಲಿನ್ ಮಾತು ಸ್ವಲ್ಪ ನಡೆಯದ ಹಾಗೆ ಮಾಡುತ್ತದೆ. ಕೆಲವರಲ್ಲಿ ಇದು ಹದ ಮೀರಿ ಬಸುರಿನ ಸಕ್ಕರೆ ಕಾಯಿಲೆ ಆಗುತ್ತದೆ. ಆಶಾ ಅಕ್ಕಂದಿರು 75 ಗ್ರಾಂ ಗ್ಲುಕೋಸ್ ಪರೀಕ್ಷೆಗೆ ಕರೆದುಕೊಂಡು ಹೋಗುವುದು ಇದಕ್ಕೇ. ದಯವಿಟ್ಟು ತಪ್ಪಿಸಬೇಡಿ. ಹೊಟ್ಟೆ ಮೇಲೆ ನೇರಳೆ ಗೀರು ಬೀಳುವುದರಲ್ಲೂ ಕಾರ್ಟಿಸಾಲಿನ ಕೈ ಇದೆ, ಚರ್ಮ ಹಿಗ್ಗುವುದು ಒಂದೇ ಕಾರಣ ಅಲ್ಲ.

ಇನ್ನು ಉಂಡೆ ಪದರ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಮನೆಮನೆಯಲ್ಲೂ ಇದರ ಬಗ್ಗೆ ತಪ್ಪು ನಡೆಯುತ್ತದೆ. ಬಸುರಿನಲ್ಲಿ ರಕ್ತದ ನೀರಿನ ಭಾಗ ಶೇಕಡಾ 40ರಿಂದ 50ರಷ್ಟು ಜಾಸ್ತಿಯಾಗುತ್ತದೆ. ಅಷ್ಟು ನೀರು ಮೈಯಲ್ಲಿ ನಿಲ್ಲಬೇಕಾದರೆ ಉಪ್ಪು ನಿಲ್ಲಬೇಕು. ಉಂಡೆ ಪದರ ಅಲ್ಡೊಸ್ಟಿರೋನನ್ನು ಹಲವು ಪಟ್ಟು ಏರಿಸುತ್ತದೆ. ಇದು ಪಿಟ್ಯುಟರಿಯನ್ನು ಅಷ್ಟಾಗಿ ಕೇಳುವುದಿಲ್ಲ, ಕಿಡ್ನಿಯಿಂದ ಹೊರಡುವ ರೆನಿನ್ ಮಾತು ಕೇಳುತ್ತದೆ. ಅದೇ ಹೊತ್ತಿಗೆ ಪ್ರೊಜೆಸ್ಟಿರೋನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನು ಕೂಡ ಏರಿರುತ್ತದೆ. ಅದು ಅಲ್ಡೊಸ್ಟಿರೋನಿನ ಜಾಗದಲ್ಲಿ ತಾನೇ ಹೋಗಿ ಕೂತು, ಉಪ್ಪನ್ನು ಹೊರಗೆ ಬಿಡಿಸಲು ನೋಡುತ್ತದೆ. ಒಂದು ಹಿಡಿಯುತ್ತದೆ, ಒಂದು ಬಿಡಿಸುತ್ತದೆ. ಈ ಹಗ್ಗಜಗ್ಗಾಟದಲ್ಲಿ ಅಲ್ಡೊಸ್ಟಿರೋನ್ ಸ್ವಲ್ಪ ಮುಂದಿರುವುದರಿಂದ ತಾಯಿಯ ರಕ್ತ ತುಂಬಿಕೊಳ್ಳುತ್ತದೆ. ಬಸುರು ತುಂಬುವ ಹೊತ್ತಿಗೆ ತಾಯಿ, ಮಗು, ಮಾಸು, ಮಗುವಿನ ಸುತ್ತಲಿನ ನೀರು ಎಲ್ಲಾ ಸೇರಿ ಆರೂವರೆ ಲೀಟರ್‌ಗೆ ಕಡಿಮೆ ಇಲ್ಲದಷ್ಟು ನೀರು ಹೆಚ್ಚಿರುತ್ತದೆ.

ನಮ್ಮ ಊರುಗಳಲ್ಲಿ ಕಾಲು ಸ್ವಲ್ಪ ಊದಿದರೆ ಸಾಕು, 'ಉಪ್ಪು ಬಿಡಿಸಿ, ನೀರು ಕಡಿಮೆ ಕೊಡಿ' ಅನ್ನುತ್ತಾರೆ. ಅತ್ತೆಯರು ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೆ ಗ್ರಂಥಿ ಒಂಬತ್ತು ತಿಂಗಳು ಕಷ್ಟಪಟ್ಟು ಕೂಡಿಟ್ಟದ್ದನ್ನು ನಾವು ಊಟದ ತಟ್ಟೆಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಉಪ್ಪು ಬಿಡಿಸಿದರೆ ಬಸುರಿನ ಬಿಪಿ ತಡೆಯಬಹುದು ಎಂಬುದಕ್ಕೆ ಆಧಾರ ಇಲ್ಲ. ಉಪ್ಪಿನಕಾಯಿ, ಹಪ್ಪಳ ಸುರಿದುಕೊಂಡು ತಿನ್ನಿ ಅಂತ ಹೇಳುತ್ತಿಲ್ಲ. ಮುದ್ದೆ, ಸಾರಿಗೆ ರುಚಿಗೆ ತಕ್ಕಷ್ಟು ಉಪ್ಪು ಇರಲಿ, ಬಾಯಾರಿದಷ್ಟು ನೀರು ಕುಡಿಯಲಿ. ಸಂಜೆ ಹೊತ್ತು ಪಾದ ಸ್ವಲ್ಪ ಊದುವುದು ಸಹಜ. ಮುಖ, ಕೈ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ, ಬಿಪಿ 140/90 ದಾಟಿದರೆ, ಅದು ಬೇರೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಈಗಾಗಲೇ ಕಿಡ್ನಿ, ಹೃದಯದ ಕಾಯಿಲೆ ಇರುವವರಿಗೆ ಅವರ ಡಾಕ್ಟರ್ ಹೇಳಿದ ಲೆಕ್ಕವೇ ಸರಿ.

ಬಲೆ ಪದರದ ಡಿಎಚ್‌ಇಎಯದೇ ಇನ್ನೊಂದು ರೂಪವಾದ ಡಿಎಚ್‌ಇಎ ಸಲ್ಫೇಟ್ ಮಾತ್ರ ತಾಯಿಯ ರಕ್ತದಲ್ಲಿ ಇಳಿಯುತ್ತದೆ. ಮಾಡುವುದು ಕಡಿಮೆಯಾಗಿ ಅಲ್ಲ, ಮಾಸು ಅದನ್ನು ಎಳೆದುಕೊಂಡು ಖರ್ಚು ಮಾಡುವುದರಿಂದ. ನಡುವಿನ ತಿರುಳು ಬಸುರಿನಲ್ಲಿ ಹೆಚ್ಚುಕಡಿಮೆ ತನ್ನ ಪಾಡಿಗೆ ತಾನಿದ್ದು, ಹೆರಿಗೆ ನೋವಿನ ಹೊತ್ತಿಗೆ ಏಳುತ್ತದೆ.

ತಾಯಿಯದು ಇಷ್ಟು. ಮಗುವಿನ ಅಡ್ರಿನಲ್ ನೋಡಿದರೆ ಮಾತು ಬರುವುದಿಲ್ಲ.

ನಮ್ಮ ವಿಭಾಗದಲ್ಲಿ ನಾಲ್ಕು ತಿಂಗಳ ಒಂದು ಭ್ರೂಣ ಇದೆ, ಹಳೆಯ ಗಾಜಿನ ಜಾಡಿಯಲ್ಲಿ. ಹೊಟ್ಟೆ ಭಾಗ ತೆರೆದಿದೆ. ಮೊದಲ ಸಲ ನೋಡಿದಾಗ ಕಿಡ್ನಿ ಎಲ್ಲಿ ಅಂತ ಹುಡುಕಿದೆ. ಕಿಡ್ನಿ ಅಲ್ಲೇ ಇತ್ತು, ಅದರ ಮೇಲೆ ಅದಕ್ಕೆ ಸರಿಸಾಟಿಯಾಗಿ ಇನ್ನೊಂದು ಅಂಗ ಕವುಚಿಕೊಂಡಿತ್ತು. ಅದೇ ಅಡ್ರಿನಲ್. ಹುಟ್ಟುವ ಹೊತ್ತಿಗೂ ಅದು ಕಿಡ್ನಿಯ ಮೂರನೇ ಒಂದು ಭಾಗದಷ್ಟಿರುತ್ತದೆ. ನಮ್ಮಲ್ಲಿ ಮೂವತ್ತನೇ ಒಂದು ಭಾಗ. ಮೂರು ಕಿಲೋ ಕೂಸಿನ ಅಡ್ರಿನಲ್‌ಗಳ ತೂಕ ಹೆಚ್ಚುಕಡಿಮೆ ಅದರ ಅಮ್ಮನವುಗಳ ತೂಕ!

ಅದರೊಳಗಿನ ರಚನೆಯೂ ಬೇರೆ. ಶೇಕಡಾ 80ಕ್ಕಿಂತ ಜಾಸ್ತಿ ಜಾಗ ಹಿಡಿದಿರುವುದು 'ಭ್ರೂಣ ಪದರ' ಎಂಬ, ದೊಡ್ಡವರಲ್ಲಿ ಇಲ್ಲವೇ ಇಲ್ಲದ ಒಂದು ಪದರ. ಅದರ ಕೆಲಸ ಹಗಲೂ ರಾತ್ರಿ ಡಿಎಚ್‌ಇಎ ಸಲ್ಫೇಟ್ ಮಾಡುವುದು. ಹೆರಿಗೆ ಹತ್ತಿರ ಬಂದಾಗ ಮಗುವಿನ ಗ್ರಂಥಿ ದಿನಕ್ಕೆ 100ರಿಂದ 200 ಮಿಲಿಗ್ರಾಂ ಸ್ಟೀರಾಯ್ಡ್ ಮಾಡುತ್ತದೆ. ಆರಾಮಾಗಿರುವ ದೊಡ್ಡವರ ಗ್ರಂಥಿ ಮಾಡುವುದು 30ರಿಂದ 40.

ಯಾತಕ್ಕೆ ಅಷ್ಟು? ಇದು ಶಿಡ್ಲಘಟ್ಟದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹುಳ ಸಾಕುವವರ ಮನೆಯಲ್ಲಿ ಗೂಡು ಆಗುತ್ತದೆ, ಆದರೆ ನೂಲು ತೆಗೆಯುವ ಯಂತ್ರ ಇಲ್ಲ. ನೂಲು ಬಿಚ್ಚುವವರ ಮನೆಯಲ್ಲಿ ಯಂತ್ರ ಇದೆ, ಗೂಡು ಇಲ್ಲ. ಇಬ್ಬರೂ ಸೇರಿದರೇನೇ ರೇಷ್ಮೆ. ಬಸುರಿನಲ್ಲಿ ಈಸ್ಟ್ರೋಜನ್ ಬೇಕು. ಮಾಸು ಅದನ್ನು ಮೊದಲಿಂದ ಮಾಡಲಾರದು, ಬೇಕಾದ ಒಂದು ಕಿಣ್ವ (ಎಂಜೈಮ್) ಅದರಲ್ಲಿಲ್ಲ. ಮಗುವಿನ ಅಡ್ರಿನಲ್ ಗೂಡು ಕೊಡುವ ರೈತ, ಮಾಸು ನೂಲು ಬಿಚ್ಚುವ ಮನೆ. ಡಿಎಚ್‌ಇಎ ಸಲ್ಫೇಟ್ ಮಾಸಿಗೆ ಹೋಗಿ ಈಸ್ಟ್ರೋಜನ್ ಆಗಿ ತಾಯಿಯ ರಕ್ತ ಸೇರುತ್ತದೆ. ತಾಯಿಯ ಅಡ್ರಿನಲ್ ಕೂಡ ಸ್ವಲ್ಪ ಗೂಡು ಕಳಿಸುತ್ತದೆ. ಬಸುರಿನ ಈ ಹಾರ್ಮೋನಿನ ದೊಡ್ಡ ಪಾಲಿನ ಕಚ್ಚಾ ಮಾಲು ಹೊಟ್ಟೆಯೊಳಗಿನ ಕೂಸಿನದೇ.

ತಾಯಿಯ ಕಾರ್ಟಿಸಾಲ್ ಇಷ್ಟೊಂದು ಏರಿದರೆ ಮಗುವಿಗೆ ತೊಂದರೆ ಆಗಲ್ವಾ? ಮಾಸಿನಲ್ಲಿ ಒಂದು ಕಾವಲು ಇದೆ. ಒಂದು ಕಿಣ್ವ, ದಾಟಿ ಬರುವ ಕಾರ್ಟಿಸಾಲಿನ ಬಹುಪಾಲನ್ನು ಕಾರ್ಟಿಸೋನ್ ಆಗಿ ಮಾಡಿ ಅದರ ಹಲ್ಲು ಕಿತ್ತುಬಿಡುತ್ತದೆ. ಈ ಕಾವಲುಗಾರನನ್ನು ಮಂಕು ಮಾಡುವ ಒಂದು ವಸ್ತು ನಾಟಿ ಔಷಧಿ ಮಾರುವ ನಮ್ಮ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ: ಜ್ಯೇಷ್ಠಮಧು, ತೆಲುಗಿನವರ ಅತಿಮಧುರಂ. ಕೆಮ್ಮಿಗೆ ಯಾವತ್ತೋ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಗಾಬರಿ ಬೇಡ. ಬಸುರಿಯರು ದಿನಾ ಕಷಾಯ ಮಾಡಿ ಕುಡಿಯುವುದು ಬೇಡ. ಬಿಪಿಯನ್ನೂ ಏರಿಸುತ್ತದೆ.

ಆದರೆ ಕೆಲವೊಮ್ಮೆ ಕಾವಲು ದಾಟಿಸಿ ಮಗುವಿಗೆ ಸ್ಟೀರಾಯ್ಡ್ ಕೊಡಲೇಬೇಕಾಗುತ್ತದೆ. ಈ ಕಥೆ ಕುರಿಯಿಂದ ಶುರುವಾಯಿತು. ನ್ಯೂಜಿಲೆಂಡಿನ ಲಿಗ್ಗಿನ್ಸ್ ಎಂಬ ಹೆರಿಗೆ ಡಾಕ್ಟರ್, ಕುರಿಗೆ ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದರು. ಕುರಿಯಲ್ಲಿ ಮರಿಯ ಅಡ್ರಿನಲ್ಲೇ ಹೆರಿಗೆಗೆ ಗಂಟೆ ಬಾರಿಸುತ್ತದೆ ಅಂತ ತಿಳಿಯಿತು. ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ಅವಧಿಗೆ ಮೊದಲೇ ಹುಟ್ಟಿದವು. ಅಷ್ಟು ಎಳೆಯ ಮರಿ ಉಸಿರಾಡುವಂತೆಯೇ ಇಲ್ಲ. ಆದರೆ ಉಸಿರಾಡುತ್ತಿತ್ತು! ಅದರ ಶ್ವಾಸಕೋಶ ಬೇಗ ಬಲಿತಿತ್ತು. ಲಿಗ್ಗಿನ್ಸ್ ಮತ್ತು ಮಕ್ಕಳ ಡಾಕ್ಟರ್ ಹೋವೀ ಇದನ್ನು ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಹೆರಿಗೆ ಶುರುವಾಗುವ ಬಗೆ ಕುರಿಯಷ್ಟು ನೇರ ಅಲ್ಲ, ಆದರೆ ಶ್ವಾಸಕೋಶದ ವಿಷಯದಲ್ಲಿ ಕುರಿ ಹೇಳಿದ್ದು ನಿಜವಾಯಿತು. ಇವತ್ತು 24ರಿಂದ 34 ವಾರದೊಳಗೆ ಹೆರಿಗೆ ನೋವು ಬಂದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ 4 ಸಲ ಚುಚ್ಚುವುದು ಇದಕ್ಕೇ. ಮಾಸಿನ ಕಾವಲುಗಾರ ಅದನ್ನು ಹಿಡಿಯಲಾರ. 'ಸ್ಟೀರಾಯ್ಡ್ ಬೇಡ ಸಿಸ್ಟರ್' ಅಂತ ಕೈ ಅಡ್ಡ ಇಡುವ ಮನೆಯವರಿಗೆ ಈ ಕುರಿಮರಿಯ ಕಥೆ ಹೇಳಿ.

ಮಗು ಹುಟ್ಟಿದ ಮೇಲೆ ಭ್ರೂಣ ಪದರಕ್ಕೆ ಕೆಲಸ ಇಲ್ಲ. ಕೆಲವೇ ವಾರಗಳಲ್ಲಿ ಗ್ರಂಥಿ ಅರ್ಧ ತೂಕಕ್ಕೆ ಇಳಿಯುತ್ತದೆ. ಚಿಟ್ಟಿಲಿಗಳಲ್ಲಿ ಇನ್ನೊಂದು ಸೋಜಿಗ ಇದೆ. ಹೆಣ್ಣು ಚಿಟ್ಟಿಲಿಯ ಅಡ್ರಿನಲ್‌ನಲ್ಲಿ ಒಳಗಡೆ ಎಕ್ಸ್ ಪದರ ಅಂತ ಒಂದಿರುತ್ತದೆ. ಮೊದಲ ಬಸುರಿನಲ್ಲಿ ಅದು ಮಾಯವಾಗಿಬಿಡುತ್ತದೆ. ನಮ್ಮಲ್ಲಿ ಅಂಥ ಪದರ ಇಲ್ಲ, ಅಗಲವಾದ ಕಂತೆ ಪದರಕ್ಕೆ ಎಬ್ಬಿಸುವ ಮಾಸು ಇಲ್ಲವಾಗುತ್ತದೆ, ಅಷ್ಟೇ. ಮಾಸು ಬಿದ್ದ ಕೂಡಲೇ ಅದರ ಸಿಆರ್‌ಎಚ್ ನಿಂತುಹೋಗುತ್ತದೆ. ಮಿದುಳಿನ ಸಿಆರ್‌ಎಚ್ ಮತ್ತೆ ಹದಕ್ಕೆ ಬರಲು ವಾರಗಳು ಬೇಕು. ಬಾಣಂತಿಗೆ ಒಂದಷ್ಟು ದಿನ ಸುಸ್ತು, ಸುಮ್ಸುಮ್ನೆ ಅಳು ಬರುವುದಕ್ಕೆ ನಿದ್ದೆಗೇಡಿನ ಜೊತೆ ಹಾರ್ಮೋನುಗಳ ಈ ಏರಿಳಿತವೂ ಸೇರಿರಬಹುದು. ಅವಳಿಗೆ ಮಲಗಲು ಬಿಡಿ.

ಆದರೆ ಸುಸ್ತು ಹೋಗದೇ ಇದ್ದರೆ? ಇದಕ್ಕಾಗಿಯೇ ನಾನು ಇವತ್ತು ಬಂದಿದ್ದು.

ನನ್ನ ದೊಡ್ಡಮ್ಮನ ಕಥೆ ಇದು. ಹೇಳಬಹುದು ಅಂತ ಅವಳೇ ಒಪ್ಪಿದ್ದಾಳೆ. ನನಗೆ ಆಗ ಹತ್ತು ವರ್ಷ. ಅವಳ ಮೂರನೇ ಹೆರಿಗೆ ಮನೆಯಲ್ಲೇ ಆಯಿತು. ಮಗು ಚೆನ್ನಾಗಿತ್ತು. ಮಾಸು ಬೀಳಲು ತಡವಾಯಿತು, ರಕ್ತ ನಿಲ್ಲಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ನಮ್ಮಜ್ಜಿ ಹಳೇ ಸೀರೆ ತುಂಡುಗಳನ್ನು ಒಗೆಯುತ್ತಲೇ ಇದ್ದಳು, ನೀರು ಕೆಂಪಗೆ ಮೋರಿಗೆ ಹರಿಯುತ್ತಿತ್ತು. ಅದು ನನ್ನ ಕಣ್ಣಲ್ಲಿ ಇನ್ನೂ ಇದೆ. ದೊಡ್ಡಮ್ಮ ಉಳಿದುಕೊಂಡಳು. ಆದರೆ ಹಾಲು ಬರಲಿಲ್ಲ. ಒಂದು ತೊಟ್ಟೂ ಇಲ್ಲ. ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ ಎಲ್ಲಾ ಆಯಿತು. ಕೊನೆಗೆ ನಮ್ಮಮ್ಮ ನನ್ನ ತಮ್ಮನ ಜೊತೆಗೆ ಆ ಮಗುವಿಗೂ ಎದೆ ಕೊಟ್ಟಳು.

ಆಮೇಲೆ ದೊಡ್ಡಮ್ಮನಿಗೆ ಮುಟ್ಟು ಬರಲಿಲ್ಲ. 'ಬೇಗ ನಿಂತಿತು, ಒಳ್ಳೆಯದೇ ಆಯಿತು' ಅಂದರು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದಳು. ಹುಳದ ಮನೆ ಬೆಚ್ಚಗಿರುತ್ತದೆ ಅಂತ ಅಲ್ಲೇ ಕೂರುತ್ತಿದ್ದಳು. ಮುಖ ಬಿಳಿಚಿಕೊಂಡಿತು, ಹುಬ್ಬು ತೆಳ್ಳಗಾಯಿತು. ಸೊಪ್ಪು ಕೊಯ್ಯಲು ಹೋದರೆ ಎರಡು ಸಾಲಿಗೆ ಕೂತುಬಿಡುತ್ತಿದ್ದಳು. ಮನೆಯಲ್ಲಿ ಅವಳಿಗೆ ಬಿದ್ದ ಹೆಸರು 'ಸೋಮಾರಿ'. ಹದಿನೇಳು ವರ್ಷ ಆ ಹೆಸರು ಹೊತ್ತಳು.

ಹದಿನೇಳನೇ ವರ್ಷ ಒಂದು ಜ್ವರ ಬಂತು. ಒಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, 'ನಿಶ್ಶಕ್ತಿ' ಅಂತ ಮನೆಗೆ ಕಳಿಸಿದರು. ಎರಡನೇ ದಿನ ಮಾತಾಡಿಸಿದರೆ ಉತ್ತರ ಇಲ್ಲ. ಇನ್ನೊಂದು ಕಡೆ ಕರೆದೊಯ್ದೆವು. ಬಿಪಿ ಕೆಳಗೆ, ಸಕ್ಕರೆ ಕೆಳಗೆ, ಸೋಡಿಯಂ ಕೆಳಗೆ. ಅಲ್ಲಿದ್ದ ಒಬ್ಬ ಎಳೆಯ ಡಾಕ್ಟರ್ ಅವಳ ಕಂಕುಳು ನೋಡಿದರು. ಕೂದಲೇ ಇಲ್ಲ. ನಮ್ಮಮ್ಮನ ಕಡೆ ತಿರುಗಿ ಎರಡು ಪ್ರಶ್ನೆ ಕೇಳಿದರು: 'ಕೊನೇ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾಮ್ಮ? ಹಾಲು ಬಂದಿತ್ತಾ?' ನಮ್ಮಮ್ಮ ಅಲ್ಲೇ ಗೋಡೆ ಹಿಡಿದು ಕೂತಳು. ನಾನು ಆಗ ಅಂಗರಚನೆಯಲ್ಲಿ ಪಿಜಿ ಮಾಡುತ್ತಿದ್ದೆ. ಈ ಪಾಠ ನಾನೂ ಓದಿದ್ದೆ. ಮನೆಯಲ್ಲೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದಕ್ಕೆ ಶೀಹಾನ್ ಕಾಯಿಲೆ ಅನ್ನುತ್ತಾರೆ. 1937ರಲ್ಲಿ ಹೆರಾಲ್ಡ್ ಶೀಹಾನ್ ಇದನ್ನು ವಿವರಿಸಿದರು. ಬಸುರಿನಲ್ಲಿ ಪಿಟ್ಯುಟರಿ ದೊಡ್ಡದಾಗುತ್ತದೆ ಅಂದೆನಲ್ಲ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ ಬಿಪಿ ಕುಸಿದರೆ, ದೊಡ್ಡದಾದ ಆ ಗ್ರಂಥಿಗೆ ರಕ್ತ ಸಾಲದೆ ಅದರ ಭಾಗ ಸತ್ತುಹೋಗುತ್ತದೆ. ಹಾಲಿನ ಹಾರ್ಮೋನು ಇಲ್ಲ, ಮುಟ್ಟಿನದು ಇಲ್ಲ, ಥೈರಾಯ್ಡ್ ಎಬ್ಬಿಸುವುದು ಇಲ್ಲ, ಎಸಿಟಿಎಚ್ ಇಲ್ಲ. ಎಸಿಟಿಎಚ್ ಇಲ್ಲದೆ ಅಡ್ರಿನಲ್‌ನ ಕಂತೆ ಪದರ ಬತ್ತುತ್ತದೆ, ಬಲೆ ಪದರ ಬತ್ತುತ್ತದೆ. ಅದಕ್ಕೇ ಸುಸ್ತು, ಅದಕ್ಕೇ ಕಂಕುಳ ಕೂದಲು ಉದುರಿದ್ದು. ಮೇಲಿನ ಉಂಡೆ ಪದರ ಮಾತ್ರ ಉಳಿಯುತ್ತದೆ, ಅದು ಕಿಡ್ನಿಯ ಮಾತು ಕೇಳುವುದು. ಆ ಒಂದು ಪದರದ ಬಲದಲ್ಲಿ ನನ್ನ ದೊಡ್ಡಮ್ಮ ಹದಿನೇಳು ವರ್ಷ ಹೇಗೋ ನಡೆದಾಡಿದಳು. ಅಡಿಸನ್ ಕಾಯಿಲೆಯಲ್ಲಿ ಎಸಿಟಿಎಚ್ ಏರಿ ಮೈ ಕಪ್ಪಾಗುತ್ತದೆ, ಇದರಲ್ಲಿ ಎಸಿಟಿಎಚ್ ಇಲ್ಲದೆ ಬಿಳಿಚಿಕೊಳ್ಳುತ್ತದೆ.

ರಕ್ತದ ಸ್ಯಾಂಪಲ್ ತೆಗೆದುಕೊಂಡು, ರಿಪೋರ್ಟಿಗೆ ಕಾಯದೆ, 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲೇ, ಔಷಧಿಯ ರೂಪದಲ್ಲಿ) ನರಕ್ಕೆ ಕೊಟ್ಟರು. ಮರುದಿನ ಬೆಳಿಗ್ಗೆ ಅವಳು ಎದ್ದು ಕೂತು ಕಾಫಿ ಕೇಳಿದಳು. ಥೈರಾಯ್ಡ್ ಮಾತ್ರೆ ಆಮೇಲೆ ಶುರುಮಾಡಿದರು. ಕಾರ್ಟಿಸಾಲ್ ಮೊದಲು, ಥೈರಾಯ್ಡ್ ನಂತರ. ಈ ಕ್ರಮ ತಪ್ಪಿದರೆ ಪ್ರಾಣಕ್ಕೇ ಬರುತ್ತದೆ.

ಆಶಾ ಅಕ್ಕಂದಿರೇ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಕಾಲಂ ಇರಲಿಕ್ಕಿಲ್ಲ. ಆದರೂ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದವಳನ್ನು ಕೇಳಿ. ಹಾಲು ಬಂತಾ? ಮುಟ್ಟು ಮತ್ತೆ ಬಂತಾ? ಉತ್ತರ ಎರಡೂ 'ಇಲ್ಲ' ಆಗಿದ್ದರೆ ದೊಡ್ಡ ಡಾಕ್ಟರ ಹತ್ತಿರ ಕಳಿಸಿ. ಹೆರಿಗೆಯಾಗಿ ಇಪ್ಪತ್ತು ವರ್ಷ ಆಗಿದ್ದರೂ ಕೇಳಿ.

ಪ್ರಶ್ನೆಗಳು ಹಲವು ಬಂದವು. ಮುಂದಿನ ಸಾಲಿನ ಅಜ್ಜಿಯೊಬ್ಬರು ತೆಲುಗಿನಲ್ಲಿ, ಸ್ಕ್ಯಾನಿಂಗ್‌ನಲ್ಲಿ ಈ ಗ್ರಂಥಿ ಕಾಣುತ್ತದಾ ಅಂತ ಕೇಳಿದರು. ಮಗುವಿನದು ಕಾಣುತ್ತದೆ, ಅಷ್ಟು ದೊಡ್ಡದು. ತಾಯಿಯದನ್ನು ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ನೋಡುವುದು ಕಷ್ಟ, ನೋಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬ ನರ್ಸಿಂಗ್ ಹುಡುಗಿ, ಅಡಿಸನ್ ಕಾಯಿಲೆ ಇದ್ದವಳು ಬಸುರಾದರೆ ಮಾತ್ರೆ ನಿಲ್ಲಿಸಬೇಕಾ ಎಂದಳು. ನಿಲ್ಲಿಸಲೇಬಾರದು. ಕೊನೆಯ ತಿಂಗಳುಗಳಲ್ಲಿ ಡೋಸ್ ಸ್ವಲ್ಪ ಏರಿಸಬೇಕಾಗಬಹುದು, ಹೆರಿಗೆ ನೋವಿನಲ್ಲಿ ಇಂಜೆಕ್ಷನ್ ಬೇಕು. ಮೊದಲ ತಿಂಗಳುಗಳಲ್ಲಿ ವಾಂತಿಯಾಗಿ ಮಾತ್ರೆ ಹೊರಗೆ ಬಂದರೆ 'ಬಸುರಿನ ವಾಂತಿ ತಾನೇ' ಅಂತ ಸುಮ್ಮನಿರಬಾರದು.

ಹಿಂದಿನ ಸಾಲಿನಿಂದ ಇನ್ನೊಬ್ಬಳು ಎದ್ದು, 'ಮೇಡಂ, ನಿಮ್ಮ ದೊಡ್ಡಮ್ಮ ಈಗ ಹೇಗಿದ್ದಾರೆ?' ಅಂದಳು.

ಚೆನ್ನಾಗಿದ್ದಾಳೆ. 68 ವರ್ಷ. ಬೆಳಿಗ್ಗೆ ಏಳಕ್ಕೆ ಮುಂಚೆ ಮೊದಲ ಮಾತ್ರೆ ನುಂಗುತ್ತಾಳೆ. ಎಲೆಅಡಿಕೆ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಚೀಟಿ ಇದೆ: 'ಇವರಿಗೆ ಎಚ್ಚರ ತಪ್ಪಿದರೆ ಮೊದಲು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡಿ.' ಜ್ವರ ಬಂದರೆ ಮಾತ್ರೆ ಎರಡರಷ್ಟು ಮಾಡಿಕೊಂಡು ಆಮೇಲೆ ನನಗೆ ಫೋನ್ ಮಾಡುತ್ತಾಳೆ. ನಮ್ಮಮ್ಮನ ಹಾಲು ಕುಡಿದ ಆ ಮಗು ಈಗ ಅಪ್ಪನಾಗಿದ್ದಾನೆ. ಹೋದ ವರ್ಷ ಅವನ ಹೆಂಡತಿಯ ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ದೊಡ್ಡಮ್ಮ ರಾತ್ರಿಯೆಲ್ಲಾ ಬಾಗಿಲ ಹತ್ತಿರ ಕೂತಿದ್ದಳು. ನರ್ಸ್ ಹೊರಗೆ ಬಂದಾಗ ಗಂಡೋ ಹೆಣ್ಣೋ ಅಂತ ಅವಳು ಕೇಳಲಿಲ್ಲ. 'ರಕ್ತ ನಿಂತಿತಾ?' ಅಂದಳು.